ಕಿರುಸಂದೇಶದ ಭಾಷೆಯಲ್ಲಿ ಹೆಣ್ಣು-ಗಂಡು: ಜಪಾನದ ಒಂದು ಇತಿಹಾಸ

ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ಮಧ್ಯಾಹ್ನದ ಬಿಡುವಿನ ವೇಳೆಗೆ ವಿದ್ಯಾರ್ಥಿಗಳ ಭಾಷೆಯ ಮಾತು ಬಂದಿತೆಂದರೆ, ಅದು ಕಡೆಗೆ ಮೊಬೈಲಿನ ಮೇಲೆ ಹೋಗಿ ನಿಲ್ಲುವುದು ವಾಡಿಕೆಯಾಗಿದೆ. "ಗಂಡುಹುಡುಗರ ಸಂದೇಶ ಎರಡೇ ಅಕ್ಷರ; ಹೆಣ್ಣುಮಕ್ಕಳದು ಬಳ್ಳಿಯ ಹಾಗೆ ಉದ್ದ, ಅದರ ಮೇಲೆ ನಾಲ್ಕು ಹೂವು ಬೇರೆ" ಎಂದು ಗಣಿತದ ಗುರುಗಳು ಒಮ್ಮೆ ಹೇಳಿದಾಗ ಎಲ್ಲರೂ ನಕ್ಕರು; ನಾವೂ ನಕ್ಕೆವು. ನಕ್ಕ ಮೇಲೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಈ ಭೇದವು ನಿಜವಾದುದೆ? ನಿಜವಾದರೆ ಅದು ಹುಟ್ಟುಗುಣವೊ, ರೂಢಿಯೊ? ರೂಢಿಯಾದರೆ ಅದಕ್ಕೊಂದು ಇತಿಹಾಸ ಇರಲೇಬೇಕಲ್ಲವೆ? ಆ ಇತಿಹಾಸವನ್ನು ಹುಡುಕಹೊರಟು ನಾವು ತಲುಪಿದ ದೇಶ ಬಹುದೂರದ್ದು. ಅಲ್ಲಿಗೆ ಹೋಗುವ ಮೊದಲು ನಮ್ಮ ಓಣಿಯಿಂದಲೇ ಹೊರಡುವುದು ಮೇಲು.

ನಾವಿರುವುದು ಅಕ್ಕಲಕೋಟೆಯ ಸೀಮೆ. ಇಲ್ಲಿಯ ಕನ್ನಡ ಶಾಲೆಯ ಮಗು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುತ್ತದೆಂಬುದು ಈ ಸಂಚಿಕೆಯ ವಾಚಕರಿಗೆ ಹೊಸದಲ್ಲ. ಅದೇ ಮಗು 'ಬರುತ್ತೇನೆ' ಎಂಬುದನ್ನು ಮರಾಠಿಯಲ್ಲಿ ಬರೆಯುವಾಗ ಹುಡುಗನಾದರೆ 'ಯೇತೋ' ಎಂದೂ ಹುಡುಗಿಯಾದರೆ 'ಯೇತೆ' ಎಂದೂ ಬರೆಯಲೇಬೇಕು. ಕ್ರಿಯಾಪದದ ಬಾಲದಲ್ಲಿಯೇ ಬರೆದವರ ಗುರುತು ಇದೆ. ಕನ್ನಡದಲ್ಲಿ 'ಬರ್ತೀನ್ರಿ' ಎಂದು ಬರೆದರೆ ಆ ಗುರುತು ಸಿಕ್ಕದು. ಬಂದನು, ಬಂದಳು ಎಂದು ನಮ್ಮ ಕ್ರಿಯಾಪದವು ಲಿಂಗವನ್ನು ತೋರುವುದು ಪ್ರಥಮ ಪುರುಷದಲ್ಲಿ ಮಾತ್ರ. ಉತ್ತಮ, ಮಧ್ಯಮ ಪುರುಷಗಳಲ್ಲಿ ಅದಕ್ಕೆ ಎಡೆಯಿಲ್ಲ. ಆದುದರಿಂದ ಕನ್ನಡದ ಸಂದೇಶಗಳಲ್ಲಿ ಹೆಣ್ಣು-ಗಂಡಿನ ಭೇದ ಕಂಡುಬಂದರೆ ಅದು ವ್ಯಾಕರಣ ಹೇರಿದ್ದಲ್ಲ. ಸಂದೇಶದ ಉದ್ದ, ಸಂಬೋಧನೆ, ಧಾಟಿ, ಕೊನೆಯಲ್ಲಿ ಸೇರಿಸುವ ಚಿತ್ರ ಮುಂತಾದವುಗಳಲ್ಲಿ ಬರೆಯುವವರೇ ತಂದುಕೊಂಡದ್ದು.

ಜಪಾನಿ ಭಾಷೆಯ ಸ್ಥಿತಿ ಈ ವಿಷಯದಲ್ಲಿ ಕನ್ನಡಕ್ಕಿಂತ ಒಂದು ಹೆಜ್ಜೆ ಮುಂದೆ. ಅದರ ಕ್ರಿಯಾಪದಕ್ಕೆ ಲಿಂಗವೂ ಇಲ್ಲ, ಪುರುಷವೂ ಇಲ್ಲ, ವಚನವೂ ಇಲ್ಲ. ಇಷ್ಟು ಬೋಳಾದ ಕ್ರಿಯಾಪದದ ಸುತ್ತ ಆ ಜನರ ರೂಢಿಯು ಹೆಣ್ಣು-ಗಂಡಿನ ಭೇದವನ್ನು ಬೆಳೆಸಿರುವ ಬಗೆ ಮಾತ್ರ ಆಶ್ಚರ್ಯಕರವಾದುದು. 'ನಾನು' ಎನ್ನಲು ಹುಡುಗರು 'ಓರೆ', 'ಬೋಕು' ಎನ್ನುವರು, ಹುಡುಗಿಯರು 'ವಾತಾಶಿ', 'ಆತಾಶಿ' ಎನ್ನುವರು. ವಾಕ್ಯದ ಕೊನೆಗೆ ಗಂಡಸರ ಮಾತಿನಲ್ಲಿ 'ಜೋ', 'ಜೆ' ಎಂಬ ಪ್ರತ್ಯಯಗಳು ಹತ್ತಿದರೆ, ಹೆಂಗಸರ ಮಾತಿನಲ್ಲಿ 'ವಾ', 'ಕಾಶಿರಾ' ಎಂಬವು ಹತ್ತುತ್ತಿದ್ದವು. ಎಲ್ಲವೂ ರೂಢಿಯ ಕೆಲಸ. ಜೊತೆಗೆ, ಆ ದೇಶದಲ್ಲಿ ಹೆಂಗಸರು ಬರೆದ ಬರಹವು ಸಾವಿರ ವರ್ಷಗಳಿಂದ ಉಳಿದುಬಂದಿದೆ. ಹೀಗಾಗಿ ಈ ಪ್ರಶ್ನೆಯನ್ನು ವಿಚಾರಿಸಲು ಜಪಾನಕ್ಕಿಂತ ಅನುಕೂಲವಾದ ದೇಶ ನಮಗೆ ಕಾಣಲಿಲ್ಲ.

ಕ್ರಿ. ಶ. 794ರಲ್ಲಿ ಇಂದಿನ ಕ್ಯೋಟೋ ನಗರವು ಹೇಯಾನ್ ಎಂಬ ಹೆಸರಿನಿಂದ ರಾಜಧಾನಿಯಾಯಿತು. ಅಷ್ಟರೊಳಗೆ ಚೀನದಿಂದ ಬಂದ ಲಿಪಿಯು ಅಲ್ಲಿ ನೆಲೆಯೂರಿತ್ತು. ದರಬಾರಿನ ಗಂಡಸರು ಆಜ್ಞಾಪತ್ರಗಳನ್ನೂ ದಿನಚರಿಗಳನ್ನೂ ಚೀನೀ ಭಾಷೆಯಲ್ಲಿಯೇ ಬರೆಯುತ್ತಿದ್ದರು. ನಮ್ಮಲ್ಲಿ ಪಂಡಿತರಿಗೆ ಸಂಸ್ಕೃತ ಇದ್ದ ಹಾಗೆ ಅವರಿಗೆ ಚೀನೀ. ಈ ವಿದ್ಯೆಯು ಹೆಣ್ಣುಮಕ್ಕಳಿಗೆ ತಕ್ಕುದಲ್ಲವೆಂಬ ಭಾವನೆ ಬಲವಾಗಿತ್ತು. ಆದರೆ ಅರಮನೆಯ ಹೆಂಗಸರು ಪತ್ರ ಬರೆಯಬೇಕು, ಹಾಡು ಕಟ್ಟಬೇಕು, ಬಂದ ಪತ್ರಕ್ಕೆ ಉತ್ತರ ಕೊಡಬೇಕು. ಚೀನೀ ಅಕ್ಷರಗಳನ್ನು ಅರ್ಥಕ್ಕಾಗಿ ಅಲ್ಲದೆ ಬರಿಯ ಧ್ವನಿಗಾಗಿ ಬಳಸಿ, ಅವಸರದ ಕೈಯಲ್ಲಿ ಮೋಡಿಯಾಗಿ ಬರೆಯುತ್ತ ಬರೆಯುತ್ತ ಹುಟ್ಟಿದ್ದೇ 'ಹಿರಗಾನಾ' ಎಂಬ ದುಂಡುಲಿಪಿ. ಅದಕ್ಕೆ ಆಗ 'ಓನ್ನಾದೆ' ಎಂಬ ಹೆಸರಿತ್ತು. ಓನ್ನಾದೆ ಎಂದರೆ ಹೆಂಗಸರ ಕೈ. ಬಿಗಿಯಾದ ಚೀನೀ ಅಕ್ಷರಕ್ಕೆ 'ಓತೊಕೊದೆ', ಅಂದರೆ ಗಂಡಸರ ಕೈ, ಎಂದು ಹೆಸರು. ಮೋಡಿ ದಸ್ತಾವೇಜುಗಳನ್ನು ಕಂಡಿರುವ ನಮ್ಮ ಭಾಗದ ಹಿರಿಯರಿಗೆ ಅವಸರದ ಕೈ ಅಕ್ಷರವನ್ನು ಹೇಗೆ ಬದಲಿಸಬಲ್ಲುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಲಿಪಿಯನ್ನು ಹೆಂಗಸರು ಮಾತ್ರವೇ ಬಳಸಿದರೆಂದು ತಿಳಿಯಬಾರದು. ಪ್ರೇಯಸಿಗೆ ಪತ್ರ ಬರೆಯುವ ಗಂಡಸಿಗೂ, ಜಪಾನಿ ಕವಿತೆ ಕಟ್ಟುವ ಗಂಡಸಿಗೂ ಅದು ಬೇಕೇ ಬೇಕಾಗಿತ್ತು. ಕ್ರಿ. ಶ. 905ರಲ್ಲಿ ಚಕ್ರವರ್ತಿಯ ಆಜ್ಞೆಯಂತೆ ಸಂಕಲಿಸಲು ತೊಡಗಿದ 'ಕೊಕಿನ್‌ಶೂ' ಎಂಬ ಕವಿತಾಸಂಗ್ರಹಕ್ಕೆ ಕವಿ ಕಿ ನೋ ತ್ಸುರಾಯುಕಿಯು ಈ ಲಿಪಿಯಲ್ಲಿಯೇ ಮುನ್ನುಡಿ ಬರೆದನು. ಮುಂದೆ ತೋಸಾ ಪ್ರಾಂತದ ಅಧಿಕಾರ ಮುಗಿಸಿ ರಾಜಧಾನಿಗೆ ಮರಳಿದ ಪ್ರಯಾಣವನ್ನು 935ರ ಸುಮಾರಿಗೆ ಬರೆಯುವಾಗ ಅವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ದಿನಚರಿಯೆಂದರೆ ಗಂಡಸರು ಚೀನೀ ಭಾಷೆಯಲ್ಲಿ ಬರೆಯತಕ್ಕ ಒಣ ದಾಖಲೆ. ಮಗಳನ್ನು ಕಳೆದುಕೊಂಡ ದುಃಖವನ್ನು ಹೇಳಲು ಅದು ಒದಗಲಿಲ್ಲವೆಂದು ತೋರುತ್ತದೆ. 'ತೋಸಾ ನಿಕ್ಕಿ'ಯಲ್ಲಿ ಅವನು ತಾನೊಬ್ಬ ಹೆಂಗಸೆಂಬಂತೆ ಹೆಂಗಸರ ಕೈಯಲ್ಲಿ ಬರೆದನು. ಪ್ರಾಂತಾಧಿಕಾರಿಯಾಗಿದ್ದ ಮುದುಕನಿಗೂ ಅಳಬೇಕಾದರೆ ಹೆಣ್ಣಿನ ಲಿಪಿ ಬೇಕಾಯಿತೆಂಬುದು ವಿಚಾರ ಮಾಡತಕ್ಕ ಸಂಗತಿ.

ಇದರ ಇನ್ನೊಂದು ಮಗ್ಗುಲನ್ನು ಮುರಾಸಾಕಿ ಶಿಕಿಬುವಿನ ದಿನಚರಿಯು ತೋರಿಸುತ್ತದೆ. ಹನ್ನೊಂದನೆಯ ಶತಮಾನದ ಆದಿಯಲ್ಲಿ 'ಗೆಂಜಿ' ಎಂಬ ಮಹಾಕಾದಂಬರಿಯನ್ನು ಬರೆದ ಈಕೆ, ಚಿಕ್ಕಂದಿನಲ್ಲಿ ತಮ್ಮನ ಪಾಠವನ್ನು ಪಕ್ಕದಲ್ಲಿ ಕುಳಿತು ಕೇಳುತ್ತ ಅವನಿಗಿಂತ ಬೇಗ ಚೀನೀ ಗ್ರಂಥಗಳನ್ನು ಕಲಿತುಬಿಟ್ಟಳು. ಇವಳು ಗಂಡಾಗಿ ಹುಟ್ಟಲಿಲ್ಲವಲ್ಲ ಎಂದು ತಂದೆ ಕೊರಗಿದನಂತೆ. ದೊಡ್ಡವಳಾದ ಮೇಲೆ ಪರದೆಯ ಮೇಲೆ ಬರೆದ ಚೀನೀ ಅಕ್ಷರವನ್ನು ಸಹ ತನಗೆ ಓದಲು ಬಾರದೆಂದು ಆಕೆ ನಟಿಸಬೇಕಾಯಿತು. ರಾಣಿಗೆ ಚೀನೀ ಕವಿತೆಯ ಪಾಠವನ್ನು ಗುಟ್ಟಾಗಿ ಹೇಳಿಕೊಡಬೇಕಾಯಿತು. ತನ್ನ ಸಮಕಾಲೀನಳಾದ ಸೇಯ್ ಶೋನಾಗೊನ್ ಚೀನೀ ಅಕ್ಷರಗಳನ್ನು ಎಲ್ಲೆಂದರಲ್ಲಿ ಚೆಲ್ಲುತ್ತಾಳೆಂದು ಮುರಾಸಾಕಿಯೇ ಮೂಗು ಮುರಿದಿದ್ದಾಳೆ. ಹೆಣ್ಣು ಹೇಗೆ ಬರೆಯಬೇಕೆಂಬ ಕಟ್ಟುಪಾಡನ್ನು ಹೆಣ್ಣೇ ಕಾಯುವುದು ಅಂದೂ ಇತ್ತು.

ಆ ಕಾಲದ ಪತ್ರಗಳ ಬಗೆಗೆ ಒಂದು ಮಾತು. ಅವು ಬಹಳ ಚಿಕ್ಕವು. ಹಲವು ವೇಳೆ ಒಂದೇ ಕವಿತೆ, ಮೂವತ್ತೊಂದು ಮಾತ್ರೆಗಳದ್ದು. ಆದರೆ ಬರೆದ ಕಾಗದದ ಬಣ್ಣವೇನು, ಅದಕ್ಕೆ ಪೂಸಿದ ಪರಿಮಳವೇನು, ಮಡಿಸಿದ ರೀತಿ ಹೇಗೆ, ಅದನ್ನು ಕಟ್ಟಿ ಕಳಿಸಿದ ಟೊಂಗೆ ಯಾವ ಗಿಡದ್ದು ಎಂಬುದೆಲ್ಲವನ್ನೂ ಸಂದೇಶದ ಭಾಗವೆಂದೇ ಓದುತ್ತಿದ್ದರು. ಉತ್ತರ ತಡವಾದರೆ ಅದಕ್ಕೂ ಅರ್ಥವಿತ್ತು. ಗಣಿತದ ಗುರುಗಳು ನಗುವ ನಾಲ್ಕು ಹೂವುಗಳ ಪೂರ್ವಜರು ಇವರೇ ಎಂದರೆ ಬಹಳ ತಪ್ಪಾಗಲಿಕ್ಕಿಲ್ಲ.

ಇಲ್ಲಿಂದ ಮುಂದಿನ ಎಂಟು ನೂರು ವರ್ಷಗಳನ್ನು ನಾವು ದಾಟಿಬಿಡುತ್ತೇವೆ. ಹಿರಗಾನಾ ಎಲ್ಲರ ಲಿಪಿಯಾಯಿತು. 1900ರಲ್ಲಿ ಪ್ರಾಥಮಿಕ ಶಾಲೆಗಳಿಗಾಗಿ ಸರಕಾರವು ಒಂದು ಧ್ವನಿಗೆ ಒಂದೇ ಆಕಾರವೆಂದು ಗೊತ್ತುಪಡಿಸಿತು. ಇಂದು ಜಪಾನದ ಮಗು, ಗಂಡಾಗಲಿ ಹೆಣ್ಣಾಗಲಿ, ಮೊತ್ತಮೊದಲು ತಿದ್ದುವುದು ಈ ಹೆಂಗಸರ ಕೈಯನ್ನೇ. ಸಂಸತ್ತಿನ ಕಾಯಿದೆಯೂ ಅದಿಲ್ಲದೆ ಬರೆಯಲು ಬಾರದು.

ಹೆಣ್ಣುಮಕ್ಕಳ ಶಾಲೆಗಳು ಹೆಚ್ಚಿದುದು ಮೇಜಿ ಯುಗದಲ್ಲಿ, ಅಂದರೆ 1868ರಿಂದ 1912ರವರೆಗಿನ ಕಾಲದಲ್ಲಿ. 1899ರಲ್ಲಿ ಹೆಣ್ಣುಮಕ್ಕಳ ಪ್ರೌಢಶಾಲೆಗಳಿಗೆಂದೇ ಪ್ರತ್ಯೇಕ ಆಜ್ಞೆ ಹೊರಟಿತು. ಹೀಗೆ ಒಂದೇ ವಯಸ್ಸಿನ ಹುಡುಗಿಯರು ಒಂದೆಡೆ ಸೇರಿದ ಕೂಡಲೆ ಅವರದೇ ಒಂದು ಮಾತು ಹುಟ್ಟಿತು. ವಾಕ್ಯದ ಕೊನೆಗೆ 'ತೆಯೋ', 'ದಾವಾ', 'ನೋಯೋ' ಎಂದು ಹಚ್ಚುವುದು ಅದರ ಲಕ್ಷಣ. ಕೇಳಿದ ಹಿರಿಯರಿಗೆ ಮೈ ಉರಿಯಿತು. ಕಾದಂಬರಿಕಾರ ಓಜಾಕಿ ಕೋಯೋ 1888ರಲ್ಲಿಯೇ ಇದನ್ನು ಕೀಳುಮಾತೆಂದು ಖಂಡಿಸಿ, ಸಂಭಾವಿತ ಮನೆಯ ಹುಡುಗಿಯರು ಇದರಿಂದ ದೂರವಿರಬೇಕೆಂದು ಬರೆದನು. ಮುಂದೆ ನಡೆದುದು ವಿಚಿತ್ರ. ಯುರೋಪಿನ ಕಾದಂಬರಿಗಳನ್ನು ಜಪಾನಿಗೆ ತಂದವರು ಅಲ್ಲಿಯ ನಾಯಿಕೆಯರ ಬಾಯಲ್ಲಿ ಇದೇ ಪ್ರತ್ಯಯಗಳನ್ನು ಇಟ್ಟರು. ಹೆಂಗಸರ ಮಾಸಪತ್ರಿಕೆಗಳೂ ಜಾಹೀರಾತುಗಳೂ ಅದನ್ನೇ ಹಿಡಿದವು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಆ ಕೀಳುಮಾತೇ 'ಕುಲೀನ ಸ್ತ್ರೀಯರ ಭಾಷೆ' ಎನಿಸಿತು. ಅರಮನೆಯ ಕಾಲದಿಂದ ಇಳಿದುಬಂದ ಸಂಪ್ರದಾಯವೆಂದು ಪಂಡಿತರೂ ಸಾರಿದರು. ಮಿಯಾಕೋ ಇನೋವೆ ಎಂಬ ವಿದುಷಿ 2006ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಥೆಯನ್ನು ಸಾಧಾರವಾಗಿ ಬಿಚ್ಚಿಟ್ಟಿದ್ದಾರೆ. ಇದನ್ನು ಓದಿದ ದಿನದಿಂದ ಮಕ್ಕಳ ಮಾತನ್ನು 'ಕೆಟ್ಟಿದೆ' ಎನ್ನುವ ಮೊದಲು ನಾವು ಒಂದು ಕ್ಷಣ ತಡೆದುಕೊಳ್ಳುತ್ತೇವೆ. ಇತ್ತೀಚಿನ ದಶಕಗಳಲ್ಲಿ ಜಪಾನದ ಹುಡುಗಿಯರು ಆ 'ವಾ'ವನ್ನು ಬಿಟ್ಟುಕೊಡುತ್ತ ಬಂದಿದ್ದಾರೆ. ಹುಡುಗಿಯರು ಗಂಡಸರಂತೆ ಮಾತಾಡುತ್ತಾರೆಂಬುದು ಅಲ್ಲಿಯ ಹಿರಿಯರ ಹೊಸ ದೂರು.

1970ರ ದಶಕದಲ್ಲಿ ಸರದಿ ಕೈಬರಹದ್ದಾಯಿತು. ಸಣ್ಣ ಮೊನೆಯ, ಒತ್ತಿದರೆ ಸೀಸ ಹೊರಬರುವ ಪೆನ್ಸಿಲುಗಳು ಶಾಲೆಗಳಿಗೆ ಬಂದವು. ಮೇಲಿನಿಂದ ಕೆಳಗೆ ಬರೆಯುವುದನ್ನು ಬಿಟ್ಟು ಎಡದಿಂದ ಬಲಕ್ಕೆ ಬರೆಯುವುದು ಹೆಚ್ಚಿತು. ಹುಡುಗಿಯರು ಅಕ್ಷರಗಳನ್ನು ಗುಂಡಾಗಿ, ಉಬ್ಬಿದ ಪುಟ್ಟ ಕಾಯಿಗಳಂತೆ ಬರೆಯತೊಡಗಿದರು. ನಡುನಡುವೆ ಹೃದಯ, ನಕ್ಷತ್ರ, ನಗುವ ಮುಖ. ಇದಕ್ಕೆ 'ಮಾರು-ಮೋಜಿ', ಅಂದರೆ ದುಂಡಕ್ಷರ, ಎಂಬ ಹೆಸರು ಬಂತು. ಯಾಮಾನೆ ಕಾಜುಮಾ ಎಂಬ ಲೇಖಕರು ಇದನ್ನು ಶೋಧಿಸಿ 1986ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಯಾವ ಗುರುವೂ ಕಲಿಸದೆ, ಯಾವ ಪತ್ರಿಕೆಯೂ ಪ್ರಚಾರ ಮಾಡದೆ, ಹುಡುಗಿಯರ ನಡುವೆ ಕೈಯಿಂದ ಕೈಗೆ ದೇಶದುದ್ದ ಹಬ್ಬಿತ್ತು ಅದು. ಕೆಲವು ಶಾಲೆಗಳು ದುಂಡಕ್ಷರವನ್ನು ನಿಷೇಧಿಸಿದವು. ಅದರಲ್ಲಿ ಬರೆದ ಉತ್ತರಪತ್ರಿಕೆಗಳನ್ನು ತಿದ್ದಲೊಲ್ಲೆವೆಂದು ಹೇಳಿದ ಶಾಲೆಗಳೂ ಇದ್ದವು. ಮುಖ್ಯಾಧ್ಯಾಪಕರ ಜಾತಿ ಎಲ್ಲ ದೇಶದಲ್ಲಿಯೂ ಒಂದೇ ಎಂದು ತೋರುತ್ತದೆ.

ಇನ್ನು ಯಂತ್ರದ ಕಥೆ. ಜಪಾನದಲ್ಲಿ ಪೇಜರ್ ಸೇವೆ ಆರಂಭವಾದದ್ದು 1968ರಲ್ಲಿ. ಅದಕ್ಕೆ ಅಲ್ಲಿ 'ಪೊಕೆಬೆರು' ಎಂಬ ಹೆಸರು; ಪಾಕೆಟ್ ಮತ್ತು ಬೆಲ್ ಎಂಬ ಇಂಗ್ಲಿಷ್ ಶಬ್ದಗಳನ್ನು ಜಪಾನಿ ಬಾಯಿ ಕುಗ್ಗಿಸಿದ ರೂಪ. ಊರೂರು ತಿರುಗುವ ಮಾರಾಟಗಾರನನ್ನು ಕಚೇರಿಯು ಕರೆಯಬೇಕಾದಾಗ ಅವನ ಸೊಂಟದಲ್ಲಿ ಅದು ಕೀ ಎನ್ನುವುದು. ಅವನು ಹತ್ತಿರದ ಟೆಲಿಫೋನಿಗೆ ಓಡುವುದು. 1987ರಲ್ಲಿ ಅಂಕಿಗಳನ್ನು ತೋರಿಸುವ ಪೇಜರುಗಳು ಬಂದವು. ಯಾವ ನಂಬರಿಗೆ ಮರಳಿ ಫೋನು ಮಾಡಬೇಕೆಂದು ತಿಳಿಸಲಿ ಎಂಬುದಷ್ಟೇ ಇದರ ಉದ್ದೇಶ. ಗಂಡಸರ ಉದ್ಯೋಗಕ್ಕೆಂದು ಮಾಡಿದ ಯಂತ್ರವದು. 1990ರ ದಶಕದ ಆರಂಭದಲ್ಲಿ ಅದು ಪ್ರೌಢಶಾಲೆಯ ಹುಡುಗಿಯರ ಕೈಗೆ ಬಂದಾಗ ಅವರಿಗೆ ಬೇಕಾದದ್ದು ಮರಳಿ ಫೋನು ಮಾಡುವ ನಂಬರಲ್ಲ, ಮಾತು. ಯಂತ್ರದಲ್ಲಿ ಮಾತಿಗೆ ಎಡೆಯೇ ಇಲ್ಲ, ಇರುವುದು ಬರಿಯ ಅಂಕಿ.

ಜಪಾನಿಯಲ್ಲಿ ಒಂದೊಂದು ಅಂಕಿಗೆ ಎರಡು ಮೂರು ಉಚ್ಚಾರಗಳುಂಟು. ಅಂಕಿಗಳಿಂದ ಮಾತು ಹೊರಡಿಸುವ ಆಟ ಅಲ್ಲಿ ಹಳೆಯದು. ನಮ್ಮ ಕಟಪಯಾದಿ ಸಂಖ್ಯೆಗಳನ್ನು ಬಲ್ಲವರಿಗೆ ಇದು ಥಟ್ಟನೆ ಹೊಳೆಯುವುದು. ನಮ್ಮವರು ಅಕ್ಷರದಲ್ಲಿ ಅಂಕಿಯನ್ನು ಅಡಗಿಸಿದರು, ಅವರು ಅಂಕಿಯಲ್ಲಿ ಅಕ್ಷರವನ್ನು ಅಡಗಿಸಿದರು. 4ಕ್ಕೆ ಯೋ ಎಂದೂ ಶಿ ಎಂದೂ, 6ಕ್ಕೆ ರೋ ಎಂದೂ, 9ಕ್ಕೆ ಕು ಎಂದೂ ಉಚ್ಚಾರವಿರುವುದರಿಂದ 4649 ಎಂದರೆ 'ಯೋ-ರೋ-ಶಿ-ಕು', ನಿಮ್ಮ ವಿಶ್ವಾಸವಿರಲಿ ಎಂದಂತೆ. 0840 ಎಂದರೆ 'ಓಹಾಯೋ', ಶುಭೋದಯ. 724106 ಎಂದರೆ 'ನಾನಿ ಶಿತೆರು', ಏನು ಮಾಡುತ್ತಿದ್ದೀ ಎಂಬ ಪ್ರಶ್ನೆ. 14106 ಎಂದರೆ 'ಆಯ್‌ಶಿತೆರು', ಇದರ ಅರ್ಥವನ್ನು ನಮ್ಮ ಹತ್ತನೆಯ ವರ್ಗದವರನ್ನು ಕೇಳಿದರೆ ಜಪಾನಿ ಬಾರದೆಯೇ ಹೇಳಿಯಾರು. ಶಾಲೆಯ ಬಿಡುವಿನಲ್ಲಿ ಸಾರ್ವಜನಿಕ ಟೆಲಿಫೋನಿನ ಮುಂದೆ ಹುಡುಗಿಯರು ಸಾಲುಗಟ್ಟಿ ನಿಂತು, ಗುಂಡಿಗಳನ್ನು ನೋಡದೆಯೇ ಒತ್ತುತ್ತ ಗೆಳತಿಯರಿಗೆ ಅಂಕಿ ಕಳಿಸುತ್ತಿದ್ದರು. 1996ರ ಹೊತ್ತಿಗೆ ಆ ದೇಶದಲ್ಲಿ ಪೇಜರುಗಳ ಸಂಖ್ಯೆ ಒಂದು ಕೋಟಿಯನ್ನು ಮುಟ್ಟಿತ್ತು. ಕಂಪನಿಗಳು ಎಚ್ಚತ್ತು ಅಕ್ಷರ ತೋರಿಸುವ ಪೇಜರುಗಳನ್ನು ಮಾಡಿದವು. ಎರಡೆರಡು ಅಂಕಿಗೆ ಒಂದು ಅಕ್ಷರದ ಕೋಷ್ಟಕವನ್ನು ಹುಡುಗಿಯರು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು. ಈ ಸೇವೆಯು ತೋಕ್ಯೋ ಸುತ್ತಿನಲ್ಲಿ 2019ರ ಸಪ್ಟೆಂಬರ 30ರಂದು ಕೊನೆಗೊಂಡಿತು.

ಆ ಪೇಜರುಗಳಲ್ಲಿ ಹೃದಯದ ಒಂದು ಚಿಹ್ನೆ ಇತ್ತು. ವ್ಯಾಪಾರಸ್ಥರಿಗೆ ಅನುಕೂಲವಾಗಲೆಂದು ಹೊಸ ಮಾದರಿಯಲ್ಲಿ ಡೊಕೊಮೊ ಕಂಪನಿಯು ಅದನ್ನು ತೆಗೆದುಹಾಕಲು, ಎಳೆಯ ಗಿರಾಕಿಗಳು ಬೇರೆ ಕಂಪನಿಯ ಕಡೆಗೆ ಹೋದರೆಂದು ಅಲ್ಲಿಯೇ ಕೆಲಸದಲ್ಲಿದ್ದ ಶಿಗೆತಾಕಾ ಕುರಿತಾ ಮುಂದೆ ಹೇಳಿಕೊಂಡಿದ್ದಾರೆ. ಪಾಠ ಕಲಿತ ಅವರು 1999ರ ಫೆಬ್ರುವರಿಯಲ್ಲಿ ಆರಂಭವಾದ ಐ-ಮೋಡ್ ಸೇವೆಗಾಗಿ 176 ಚಿಕ್ಕ ಚಿತ್ರಗಳನ್ನು ರಚಿಸಿದರು. ಒಂದೊಂದು ಚಿತ್ರವೂ ಅಡ್ಡ 12, ಉದ್ದ 12 ಚುಕ್ಕಿಗಳದ್ದು. ನಮ್ಮ ಅಂಗಳದ ರಂಗೋಲಿಗಿಂತ ಕಡಿಮೆ ಚುಕ್ಕಿ. 1997ರಲ್ಲಿಯೇ ಜೆ-ಫೋನ್ ಎಂಬ ಇನ್ನೊಂದು ಕಂಪನಿಯು ಇಂಥ 90 ಚಿತ್ರಗಳನ್ನು ಒಂದು ಫೋನಿನಲ್ಲಿ ಇಟ್ಟಿತ್ತಾದರೂ ಅದು ನಡೆಯಲಿಲ್ಲ. ಇವುಗಳ ಹೆಸರು 'ಎಮೋಜಿ': 'ಎ' ಎಂದರೆ ಚಿತ್ರ, 'ಮೋಜಿ' ಎಂದರೆ ಅಕ್ಷರ. ಇಂಗ್ಲಿಷಿನ ಭಾವವಾಚಕ ಪದದೊಡನೆ ಇದಕ್ಕೆ ನಂಟು ಕಲ್ಪಿಸುವುದು ತಪ್ಪು. 2010ರಲ್ಲಿ ಜಗತ್ತಿನ ಎಲ್ಲ ಲಿಪಿಗಳನ್ನೂ ಒಳಗೊಳ್ಳುವ ಯುನಿಕೋಡ್ ಪಟ್ಟಿಯು ಇವನ್ನು ಅಂಗೀಕರಿಸಿತು. 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ಆನಂದಬಾಷ್ಪದ ಮುಖವನ್ನೇ ವರ್ಷದ ಪದವೆಂದು ಆರಿಸಿದರು. 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಆ 176 ಚಿತ್ರಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಈಗ ನಮ್ಮ ಗಣಿತದ ಗುರುಗಳೂ ಸಹ ರಜೆ ಕೇಳುವ ಸಂದೇಶದ ಕೊನೆಗೆ ಎರಡು ಕೈ ಮುಗಿದ ಚಿತ್ರವನ್ನು ಹಚ್ಚುತ್ತಾರೆ.

2000ದ ತರುವಾಯ 'ಗ್ಯಾರು-ಮೋಜಿ' ಎಂಬ ಇನ್ನೊಂದು ಬಗೆ ಬಂತು. ಅಕ್ಷರವನ್ನು ಒಡೆದು, ಒಂದು ಹೋಳಿಗೆ ರಷ್ಯನ್ ಅಕ್ಷರ, ಇನ್ನೊಂದಕ್ಕೆ ಗಣಿತದ ಚಿಹ್ನೆ ಹೊಂದಿಸಿ ಬರೆಯುವುದು. ನೇರವಾಗಿ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಕೆಲಸವಿದು. ಇಷ್ಟು ಕಷ್ಟಪಟ್ಟು ನಿನಗಾಗಿ ಬರೆದಿದ್ದೇನೆ ಎಂಬುದೇ ಗೆಳತಿಗೆ ಹೇಳುವ ಮಾತು. ಕಿರುಸಂದೇಶವೆಂದರೆ ಸೋಮಾರಿತನವೆಂಬವರು ಇದನ್ನು ನೋಡಬೇಕು. ಇದೇ ಕಾಲಕ್ಕೆ ಮೊಬೈಲಿನಲ್ಲಿ ಬರೆದು ಮೊಬೈಲಿನಲ್ಲಿ ಓದುವ ಕಾದಂಬರಿಗಳು ಹುಟ್ಟಿದವು. 2007ರಲ್ಲಿ ಜಪಾನದಲ್ಲಿ ಅತಿಹೆಚ್ಚು ಮಾರಾಟವಾದ ಹತ್ತು ಕಾದಂಬರಿಗಳಲ್ಲಿ ಐದು ಈ ಜಾತಿಯವು. ಬಹುಪಾಲು ಲೇಖಕರು ಎಳೆಯ ಹೆಂಗಸರು. ಆದರೆ ಇವಕ್ಕೆ ದಾರಿ ಹಾಕಿದ 'ಡೀಪ್ ಲವ್' ಎಂಬುದನ್ನು ಬರೆದವನು ಯೋಶಿ ಎಂಬ ಹೆಸರಿನ ಗಂಡಸು; ಅದರ ನಾಯಿಕೆ ಹದಿಹರೆಯದ ಹುಡುಗಿ. ತ್ಸುರಾಯುಕಿಯ ನೆನಪಾಗದೆ ಇರದು.

ಪಶ್ಚಿಮದ ಸಂಗತಿಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಮೊದಲ ಕಿರುಸಂದೇಶವನ್ನು 1992ರ ಡಿಸೆಂಬರ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಯಂತ್ರಜ್ಞನು ಕಳಿಸಿದನು, ಕ್ರಿಸ್ಮಸ್ ಶುಭಾಶಯವದು. ಹತ್ತು ವರ್ಷ ಕಳೆಯುವಷ್ಟರಲ್ಲಿ ವಿದ್ವಾಂಸರು ಲೆಕ್ಕಕ್ಕೆ ಕುಳಿತರು. ನಾರ್ವೆಯಲ್ಲಿ ರಿಚ್ ಲಿಂಗ್ ಸಂಗ್ರಹಿಸಿ 2005ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ ಹೆಂಗಸರ ಸಂದೇಶಗಳು ಗಂಡಸರವಕ್ಕಿಂತ ಉದ್ದವೂ ವಾಕ್ಯರಚನೆಯಲ್ಲಿ ಜಟಿಲವೂ ಆಗಿದ್ದವು. ಗಣಿತದ ಗುರುಗಳ ಮಾತಿಗೆ ಅಷ್ಟರಮಟ್ಟಿಗೆ ಬೆಂಬಲ ದೊರೆಯಿತು. ಹೆಂಗಸರು ಶಿಷ್ಟರೂಪಕ್ಕೆ ಹೆಚ್ಚು ಅಂಟಿಕೊಳ್ಳುತ್ತಾರೆಂಬುದು ಭಾಷಾಶಾಸ್ತ್ರದಲ್ಲಿ ಬಹುಕಾಲ ನಡೆದುಬಂದ ಮಾತು. ಟ್ರೇನಿಂಗ್ ಕಾಲೇಜಿನಲ್ಲಿ ಹೆಸರು ಕೇಳಿದ್ದ ಯೆಸ್ಪರ್ಸನ್ ಪಂಡಿತನೂ 1922ರ ತನ್ನ ಗ್ರಂಥದಲ್ಲಿ ಹೆಂಗಸಿಗೇ ಒಂದು ಅಧ್ಯಾಯ ಬರೆದು, ಆಕೆಯ ಶಬ್ದಸಂಪತ್ತು ಕಿರಿದೆಂದಿದ್ದನು. ಆದರೆ ಸೂಸನ್ ಹೆರಿಂಗ್ ಮತ್ತು ಆಸ್ತಾ ಜೆಲೆಂಕೌಸ್ಕೈತೆ ಎಂಬವರು ಇಟಲಿಯ ದೂರದರ್ಶನದ ಪರದೆಯ ಮೇಲೆ ಹರಿಯುತ್ತಿದ್ದ ಸಂದೇಶಗಳನ್ನು ಅಭ್ಯಸಿಸಿ 2009ರಲ್ಲಿ ಹೇಳಿದುದು ಬೇರೆ: ಹೆಂಗಸರು ಹೆಚ್ಚು ಬರೆದರು, ಉದ್ದ ಬರೆದರು, ಜೊತೆಗೆ ಅಕ್ಷರ ನುಂಗುವುದನ್ನೂ ಅಕ್ಷರ ಎಳೆಯುವುದನ್ನೂ ಗಂಡಸರಿಗಿಂತ ಹೆಚ್ಚಾಗಿಯೇ ಮಾಡಿದರು. ಎಲ್ಲರ ಕಣ್ಣೆದುರಿನ ಪರದೆಯಲ್ಲಿ ಮೆಚ್ಚಿಗೆ ಗಳಿಸಬೇಕಾದಾಗ ಬರಹ ಬೇರೆಯಾಗುತ್ತದೆ. ಹಾಗಾದರೆ ಭೇದವು ಬರೆಯುವವರ ದೇಹದಲ್ಲಿಲ್ಲ. ಯಾರಿಗೆ, ಯಾವ ಉಪಕರಣದಲ್ಲಿ, ಯಾರ ಕಣ್ಣಿನ ಕೆಳಗೆ ಬರೆಯುತ್ತಾರೆಂಬುದರಲ್ಲಿದೆ ಎಂದೇ ನಮಗೆ ತೋರುತ್ತದೆ. ಜಪಾನದ ಇತಿಹಾಸವೂ ಇದನ್ನೇ ಹೇಳುತ್ತದೆ. ದೊಡ್ಡ ವಿದ್ಯೆಯ ಬಾಗಿಲು ಮುಚ್ಚಿದ್ದುದರಿಂದ ಹೆಂಗಸರು ಚಿಕ್ಕ ಪತ್ರದ ಲಿಪಿಯನ್ನು ಬೆಳೆಸಿದರು.

ಉಪಕರಣದ ಮಾತು ಬಂದುದರಿಂದ ಕನ್ನಡಕ್ಕೆ ಮರಳಬಹುದು. ಕಿರುಸಂದೇಶದ ಅಳತೆಯನ್ನು 1980ರ ದಶಕದಲ್ಲಿ ಯುರೋಪಿನವರು ಗೊತ್ತುಮಾಡುವಾಗ ತಮ್ಮ ಲಿಪಿಗೆ 160 ಅಕ್ಷರಗಳ ಅವಕಾಶ ಇಟ್ಟರು. ಅದೇ ಜಾಗದಲ್ಲಿ ಕನ್ನಡದಂಥ ಲಿಪಿಗೆ ಸಿಕ್ಕುವುದು 70 ಮಾತ್ರ. ಆ ಎಪ್ಪತ್ತೂ ನಾವು ಎಣಿಸುವ ಅಕ್ಷರಗಳಲ್ಲ. ಒಂದೊಂದು ವ್ಯಂಜನ, ಒಂದೊಂದು ಅರ್ಧಾಕ್ಷರದ ಗುರುತು, ಒಂದೊಂದು ಸ್ವರಚಿಹ್ನೆ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಮನೆ ಬೇಕು. ಹನ್ನೆರಡು 'ಸ್ತ್ರೀ'ಗಳಿಗೆ ಒಂದು ಸಂದೇಶದಲ್ಲಿ ಜಾಗವಿಲ್ಲ! ಹಲವು ಅಗ್ಗದ ಫೋನುಗಳಲ್ಲಿ ಕನ್ನಡ ಲಿಪಿಯೇ ಇರಲಿಲ್ಲ. ಆದುದರಿಂದ ನಮ್ಮ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಕಲಿತರು; ಈಗ ಕನ್ನಡದ ಕೀಲಿಮಣೆ ಎಲ್ಲ ಹೊಸ ಫೋನುಗಳಲ್ಲಿದ್ದರೂ ಆ ಕೈರೂಢಿ ಬಿಟ್ಟಿಲ್ಲ. ಇದನ್ನು ಭಾಷಾದ್ರೋಹವೆಂದು ಸಭೆಗಳಲ್ಲಿ ಗುಡುಗಿದವರಲ್ಲಿ ನಾವೂ ಒಬ್ಬರು. ಈಗ ಆ ಮಾತನ್ನು ಹಿಂತೆಗೆದುಕೊಳ್ಳುತ್ತೇವೆ. ಗಡಿಯಾಚೆಯ ಮರಾಠಿ ಪೇಟೆಯಲ್ಲಿ ನಿಂತು ಹುಡುಗಿಯೊಬ್ಬಳು ಗೆಳತಿಗೆ ಕನ್ನಡದಲ್ಲಿಯೇ ಬರೆಯುತ್ತಾಳಲ್ಲ, ಅಕ್ಷರ ಯಾವುದಾದರೇನು?

ಯಾರ ಕಣ್ಣಿನ ಕೆಳಗೆ ಎಂಬುದು ಉಳಿಯಿತು. ಜಪಾನದ ಆ ಹುಡುಗಿಯರ ಬಳಿ ಪೇಜರು ಅವರದೇ ಆಗಿತ್ತು. ನಮ್ಮ ದೇಶದಲ್ಲಿ 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲು ಇದ್ದ ಹೆಂಗಸರು ನೂರಕ್ಕೆ 46. 2019-21ರ ಸಮೀಕ್ಷೆಯಲ್ಲಿ ಅದು 54. 15ರಿಂದ 49 ವಯಸ್ಸಿನವರ ಲೆಕ್ಕವಿದು. ಹಳ್ಳಿಯ ನಮ್ಮ ವಿದ್ಯಾರ್ಥಿನಿಯರಲ್ಲಿ ಹಲವರು ಬರೆಯುವುದು ತಂದೆಯ ಇಲ್ಲವೆ ಅಣ್ಣನ ಫೋನಿನಿಂದ. ಬರೆದು, ಕಳಿಸಿ, ಅಳಿಸಿ, ಫೋನನ್ನು ಇದ್ದಲ್ಲಿ ಇಡಬೇಕು. ಅಂಥ ಸಂದೇಶದಲ್ಲಿ ಬಳ್ಳಿಯೂ ಇರದು, ಹೂವೂ ಇರದು. ಶಿಕ್ಷಕರ ಕೊಠಡಿಯಲ್ಲಿ ನಾವು ನಕ್ಕದ್ದು ಸ್ವಂತ ಫೋನು ಇರುವ ನಾಲ್ಕು ಹುಡುಗಿಯರನ್ನು ಕಂಡು.

ಕೆಲವು ವರ್ಷಗಳ ಹಿಂದೆ ನಮ್ಮ ಫೋನಿಗೆ ಪಾಲಕರೊಬ್ಬರ ನಂಬರಿನಿಂದ ಒಂದು ಸಂದೇಶ ಬಂದಿತ್ತು. ಇಂಗ್ಲಿಷ್ ಅಕ್ಷರದ ಕನ್ನಡ: 'ನಾಳಿಯಿಂದ ಸಾಲಿಗಿ ಬರೂದಿಲ್ರಿ'. ಒಂಬತ್ತನೆಯ ವರ್ಗದ ಹುಡುಗಿಯ ತಂದೆಯ ನಂಬರದು. ಮಗಳು ಬರುವುದಿಲ್ಲವೆಂದು ತಂದೆ ತಿಳಿಸಿದ್ದಾರೆಂದುಕೊಂಡೆವು. ಕಬ್ಬಿನ ಹಂಗಾಮು, ಊರು ಬಿಟ್ಟು ಹೋಗುವ ಮನೆತನಗಳು ಹೀಗೆ ತಿಳಿಸುವುದುಂಟು. 'ಆಯ್ತು' ಎಂದು ಉತ್ತರ ಬರೆದು ಪರೀಕ್ಷೆಯ ಕೆಲಸದಲ್ಲಿ ತೊಡಗಿದೆವು. ಎರಡು ವರ್ಷಗಳ ಮೇಲೆ ಜಾತ್ರೆಯಲ್ಲಿ ಆ ಹುಡುಗಿ ಸಿಕ್ಕಳು. ಕಂಕುಳಲ್ಲಿ ಕೂಸು. ಮಾತಿನ ನಡುವೆ, "ಆ ಮೆಸೇಜ್ ಅಪ್ಪ ಅಲ್ರಿ ಸರ್, ನಾನ ಹಾಕಿದ್ದೆ. ಯಾಕ ಬರೂದಿಲ್ಲ ಅಂತ ನೀವು ಕೇಳ್ತೀರಿ ಅಂದ್ಕೊಂಡಿದ್ದೆ" ಎಂದಳು. ಮೂವತ್ತು ವರ್ಷ ವ್ಯಾಕರಣ ಕಲಿಸಿದ ನಮಗೆ ಆ ಹೊತ್ತಿಗೆ ಹೊಳೆದುದು ಇಷ್ಟು: 'ಬರುವುದಿಲ್ಲ' ಎಂಬ ನಿಷೇಧರೂಪಕ್ಕೆ ಕನ್ನಡದಲ್ಲಿ ಲಿಂಗವಷ್ಟೇ ಅಲ್ಲ, ಪುರುಷವೂ ಇಲ್ಲ, ವಚನವೂ ಇಲ್ಲ. ಅದನ್ನು ಆಡಿದವರು ಯಾರೆಂದು ಆ ಪದದಿಂದ ತಿಳಿಯುವಂತಿರಲಿಲ್ಲ. ಕೇಳಬೇಕಾಗಿತ್ತು, ಅಷ್ಟೆ.

ಅಂದಿನಿಂದ ಮನೆಯ ಫೋನಿನಿಂದ ಬರುವ ಇಂಥ ಸಂದೇಶಕ್ಕೆ 'ಬರೆಯುತ್ತಿರುವವರು ಯಾರು?' ಎಂದು ಕೇಳದೆ ಉತ್ತರ ಕೊಡಬಾರದೆಂದು ನಮ್ಮ ಶಾಲೆಯ ಎಲ್ಲ ಶಿಕ್ಷಕರಿಗೂ ಹೇಳಿದ್ದೇವೆ. ಕಳೆದ ಮಳೆಗಾಲದಲ್ಲಿ ಹಾಗೆ ಕೇಳಿದಾಗ 'ನಾನ್ರಿ' ಎಂದಷ್ಟೇ ಉತ್ತರ ಬಂತು. ಸೈಕಲ್ಲು ಹತ್ತಿ ಆ ಮನೆಗೇ ಹೋದೆವು.